ಬಾತ್‌ರೂಮಿನಿಂದ ಶುರುವಾಗುವ ಸ್ಪ್ಯಾನಿಷ್

ಕೇಳುಗರಿಗೆಲ್ಲ ನಮಸ್ಕಾರ. ನಾನು ಅಮೆರಿಕದ ಒಂದು ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಪಾಠ ಮಾಡುವವಳು. ಬೇಸಿಗೆ ರಜೆ ಮುಗಿದು ಸ್ಕೂಲು ತೆರೆದ ಮೊದಲ ದಿನ ನನ್ನ ಮುಂದೆ ಒಂಬತ್ತನೇ ಕ್ಲಾಸಿನ ಮಕ್ಕಳು ಹೊಸ ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಅವರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳೂ ಒಬ್ಬಿಬ್ಬರು ಇರುತ್ತಾರೆ. ಇವತ್ತಿನ ಮಾತು ಅವರಿಗೆ. ನಿಜ ಹೇಳಬೇಕೆಂದರೆ ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರಿಗೆ.

ಮೊದಲ ವಾರ ನಾನು ಕಲಿಸುವ ಬಹಳ ಮುಖ್ಯವಾದ ವಾಕ್ಯ ಯಾವುದು ಗೊತ್ತಾ? ‘ನನ್ನ ಹೆಸರು ಇಂಥದ್ದು’ ಅಲ್ಲ. ‘ಪುಎದೊ ಇರ್ ಅಲ್ ಬಾನ್ಯೊ?’ ಅಂದರೆ, ಬಾತ್‌ರೂಮಿಗೆ ಹೋಗಿ ಬರಲಾ? ಎರಡನೇ ವಾರದಿಂದ ಇದನ್ನು ಸ್ಪ್ಯಾನಿಷ್‌ನಲ್ಲೇ ಕೇಳಬೇಕು, ಇಂಗ್ಲಿಷ್‌ನಲ್ಲಿ ಕೇಳಿದರೆ ನನಗೆ ಕಿವಿ ಕೇಳಿಸುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗ ಬಾಗಿಲ ಹತ್ತಿರ ನಿಂತು, ಕಾಲು ಬದಲಿಸುತ್ತಾ, ಗೋಡೆಗೆ ಅಂಟಿಸಿದ ಚೀಟಿ ನೋಡಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೇಳಿತು. ಅವನು ಆ ವಾಕ್ಯವನ್ನು ಸಾಯುವ ತನಕ ಮರೆಯುವುದಿಲ್ಲ. ಬೇಕು ಅಂದಾಗ ಬಾಯಿಗೆ ಬಂದ ಮಾತೇ ನಿಲ್ಲುವುದು, ಪಟ್ಟಿ ಮಾಡಿ ಉರು ಹೊಡೆದದ್ದು ಪರೀಕ್ಷೆ ಮುಗಿದ ಸಂಜೆಯೇ ಹೊರಟುಹೋಗುತ್ತದೆ.

ಮೊದಲ ತಿಂಗಳು ಪೋಷಕರಿಂದ ಒಂದು ದೂರು ಬಂದೇ ಬರುತ್ತದೆ. ‘ಮೇಡಂ, ನೀವು ಕ್ಲಾಸಿನಲ್ಲಿ ಪೂರ್ತಿ ಸ್ಪ್ಯಾನಿಷ್‌ನಲ್ಲೇ ಮಾತಾಡ್ತೀರಂತೆ, ಮಗಳಿಗೆ ಏನೂ ಅರ್ಥ ಆಗ್ತಿಲ್ಲವಂತೆ.’ ಹೌದು, ಮಾತಾಡುತ್ತೇನೆ. ಇಲ್ಲಿ ಭಾಷಾ ಶಿಕ್ಷಕರದ್ದೇ ಆದ ಆ್ಯಕ್ಟ್‌ಫಲ್ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಕ್ಲಾಸಿನ ಮಾತುಕತೆಯಲ್ಲಿ 90 ಪರ್ಸೆಂಟ್ ಅಥವಾ ಅದಕ್ಕೂ ಹೆಚ್ಚು ಕಲಿಯುವ ಭಾಷೆಯಲ್ಲೇ ಇರಲಿ ಅಂತ ಅದು ಹೇಳುತ್ತದೆ. ಹಾಗಂತ ನಾನು ಉಪನ್ಯಾಸ ಕೊಡುತ್ತಾ ನಿಲ್ಲುವುದಿಲ್ಲ. ಬೆರಳು ತೋರಿಸುತ್ತೇನೆ, ಬೋರ್ಡಿನ ಮೇಲೆ ಕೆಟ್ಟದಾಗಿ ನಾಯಿ ಬರೆಯುತ್ತೇನೆ, ಹಸಿವು ಅಂದರೆ ಹೊಟ್ಟೆ ಹಿಡಿದುಕೊಳ್ಳುತ್ತೇನೆ. ಹತ್ತು ಮಾತಿನಲ್ಲಿ ನಾಲ್ಕು ಅರ್ಥವಾದರೆ ಆ ದಿನಕ್ಕೆ ಸಾಕು. ನಿಮ್ಮ ಮಗು ಕನ್ನಡ ಕಲಿತದ್ದೂ ಹಾಗೇ ಅಲ್ವಾ? ವ್ಯಾಕರಣ ಹೇಳಿಕೊಟ್ಟು ಆಮೇಲೆ ‘ಅಮ್ಮ’ ಅನ್ನಿಸಿದಿರಾ?

ಕನ್ನಡದ ಮಾತು ಬಂತಲ್ಲ, ನಾನು ಇವತ್ತು ಹೇಳಬೇಕು ಅಂತ ಬಂದದ್ದು ಅದನ್ನೇ. ಕನ್ನಡ ಬರುವ ಮಗು ಸ್ಪ್ಯಾನಿಷ್ ಕ್ಲಾಸಿಗೆ ಬರಿಗೈಯಲ್ಲಿ ಬರುವುದಿಲ್ಲ. ಆದರೆ ಕೈಯಲ್ಲಿ ಇರುವುದನ್ನು ಬಾಗಿಲಾಚೆ ಇಟ್ಟು ಬರುತ್ತದೆ.

ಉಚ್ಚಾರಣೆಯನ್ನೇ ನೋಡಿ. ಸ್ಪ್ಯಾನಿಷ್‌ನ ಸ್ವರಗಳು ಅ, ಎ, ಇ, ಒ, ಉ. ಎಲ್ಲಿ ಬಂದರೂ ಹೆಚ್ಚುಕಡಿಮೆ ಅದೇ ಸದ್ದು. ಇಂಗ್ಲಿಷ್ ಮಕ್ಕಳಿಗೆ ಇದನ್ನು ತಿದ್ದುವುದರಲ್ಲೇ ನನ್ನ ವಾರಗಳು ಕಳೆಯುತ್ತವೆ. ಅವರ ‘ನೊ’ ಬಾಲ ಎಳೆದುಕೊಂಡು ‘ನೋವ್’ ಆಗುತ್ತದೆ. ಇನ್ನು ‘ತ’ ಅಕ್ಷರ. ನಾಲಿಗೆ ಹಲ್ಲಿಗೆ ತಾಗಿಸಿ ಹೇಳುವ ನಮ್ಮ ‘ತ’ ಇದೆಯಲ್ಲ, ಸ್ಪ್ಯಾನಿಷ್‌ನದ್ದೂ ಅದೇ. ಮಿಕ್ಕವರು ‘ಟಾಕೊ’ ಅನ್ನುವಾಗ ಕನ್ನಡದ ಮಗು ಏನೂ ಕಷ್ಟಪಡದೆ ‘ತಾಕೊ’ ಅನ್ನಬಹುದು.

ಕ್ರಿಯಾಪದಕ್ಕೆ ಬನ್ನಿ. ಆಬ್ಲೊ, ಮಾತಾಡುತ್ತೇನೆ. ಆಬ್ಲಾಸ್, ಮಾತಾಡುತ್ತೀಯ. ಆಬ್ಲಾಮೊಸ್, ಮಾತಾಡುತ್ತೇವೆ. ಯಾರು ಅಂತ ಬಾಲವೇ ಹೇಳಿಬಿಡುತ್ತದೆ, ನಾನು ನೀನು ಅಂತ ಬೇರೆಯಾಗಿ ಹೇಳುವ ಅಗತ್ಯವೇ ಇಲ್ಲ. ಅವನಿಗೂ ಅವಳಿಗೂ ಸ್ಪ್ಯಾನಿಷ್‌ನಲ್ಲಿ ಒಂದೇ ‘ಆಬ್ಲಾ’ ಸಾಕು, ನಮ್ಮಲ್ಲಿ ‘ತ್ತಾನೆ’, ‘ತ್ತಾಳೆ’ ಎರಡು ಬೇಕು. ಈ ಲೆಕ್ಕದಲ್ಲಿ ನಮ್ಮದೇ ಕಷ್ಟದ ಭಾಷೆ! ತೂ ಮತ್ತು ಉಸ್ತೇದ್ ಅಂತ ಎರಡು ಪದ ಇವೆ. ಅದನ್ನು ಅರ್ಥ ಮಾಡಿಸಲು ಇಂಗ್ಲಿಷ್ ಮಕ್ಕಳಿಗೆ ಅರ್ಧ ಗಂಟೆ ಬೇಕು. ನಿಮಗೆ ಅರ್ಧ ಸೆಕೆಂಡ್ ಸಾಕು. ತೂ ಅಂದರೆ ನೀನು, ಉಸ್ತೇದ್ ಅಂದರೆ ನೀವು. ಆದರೆ ನಮ್ಮ ‘ನೀವು’ ಒಬ್ಬರಿಗೂ ಆಗುತ್ತದೆ, ಹತ್ತು ಜನಕ್ಕೂ ಆಗುತ್ತದೆ, ಅಲ್ಲಿ ಹತ್ತು ಜನಕ್ಕೆ ‘ಉಸ್ತೇದೆಸ್’. ಸ್ಪೇನ್ ದೇಶದಲ್ಲಿ ಸಲಿಗೆಯ ಗುಂಪಿಗೆ ‘ವೊಸೊತ್ರೊಸ್’ ಅಂತ ಮತ್ತೊಂದಿದೆ. ಮೊದಲ ವರ್ಷ ಅದನ್ನು ಗುರುತು ಹಿಡಿದರೆ ಸಾಕು.

ಎಲ್ಲಕ್ಕಿಂತ ನನಗೆ ಖುಷಿ ಕೊಡುವುದು ‘ಮೆ ಗುಸ್ತಾ’, ಅಂದರೆ ‘ನನಗೆ ಇಷ್ಟ’. ಇಂಗ್ಲಿಷ್‌ನಲ್ಲಿ ಯೋಚಿಸುವ ಮಗು ‘ನಾನು ಇಷ್ಟಪಡುತ್ತೇನೆ’ ಅನ್ನಲು ಹೋಗಿ ‘ಯೊ ಗುಸ್ತೊ’ ಅನ್ನುತ್ತದೆ. ತಪ್ಪು. ಅಲ್ಲಿ ಇಷ್ಟ ನನ್ನ ಕೆಲಸವಲ್ಲ, ವಸ್ತು ‘ನನಗೆ’ ಇಷ್ಟವಾಗುತ್ತದೆ. ಒಂದು ದಿನ ಕನ್ನಡದ ಹುಡುಗಿಯೊಬ್ಬಳು ಮೂರು ಸಲ ‘ಯೊ ಗುಸ್ತೊ’ ಅಂದಳು. ಕ್ಲಾಸು ಮುಗಿದ ಮೇಲೆ ಕರೆದು ಕನ್ನಡದಲ್ಲೇ ಕೇಳಿದೆ, ‘ನಿಂಗೆ ಏನು ಇಷ್ಟ ಪುಟ್ಟಿ?’ ಅವಳು ತಕ್ಷಣ, ‘ನಂಗೆ ನಾಯಿ ಇಷ್ಟ’ ಅಂದಳು. ಅಂದವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ‘ಮೆ! ನಂಗೆ!’ ನಾನು ಬಾಯಿ ತೆರೆಯಬೇಕಾಗಲೇ ಇಲ್ಲ.

ಹಾಗಂತ ಎಲ್ಲವೂ ಹೂವಿನ ಹಾಸಿಗೆಯಲ್ಲ. ಕನ್ನಡದಲ್ಲಿ ಮೇಜು, ಕುರ್ಚಿ, ಪುಸ್ತಕ ಎಲ್ಲವೂ ‘ಅದು’. ಸ್ಪ್ಯಾನಿಷ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ‘ಮೇಜು ಯಾಕೆ ಹೆಣ್ಣು, ಸೆನ್ಯೊರಾ?’ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಮೇಜಿಗೆ ಅದರ ಗೊಡವೆಯೇ ಇಲ್ಲ ಮಾರಾಯ, ಅದು ಪದದ ಗುಣ. ‘ಒ’ದಿಂದ ಮುಗಿದರೆ ಗಂಡು, ‘ಅ’ದಿಂದ ಮುಗಿದರೆ ಹೆಣ್ಣು ಅಂತ ಹೇಳಿಕೊಟ್ಟ ಮರುದಿನವೇ ‘ಲಾ ಮಾನೊ’, ಅಂದರೆ ಕೈ, ಬಂದು ನನ್ನ ಮಾನ ಕಳೆಯುತ್ತದೆ. ಅದಕ್ಕೇ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಮೆಸಾ’ ಅಂತಲ್ಲ, ‘ಲಾ ಮೆಸಾ’ ಅಂತಲೇ ಬರೆಯಿರಿ.

‘ಇರುವುದು’ ಅನ್ನಲು ಎರಡು ಕ್ರಿಯಾಪದ ಇವೆ, ಸೆರ್ ಮತ್ತು ಎಸ್ತಾರ್. ಒಬ್ಬ ಹುಡುಗ ಆಕಳಿಸುತ್ತಾ ‘ಸೊಯ್ ಅಬುರ್ರೀದೊ’ ಅಂದ. ‘ಬೋರ್ ಆಗ್ತಿದೆ’ ಅನ್ನಬೇಕಿತ್ತು ಪಾಪ, ‘ನಾನೇ ಬೋರ್ ಮನುಷ್ಯ’ ಅಂದುಬಿಟ್ಟ. ಎಸ್ತಾರ್ ಬಳಸಿ ‘ಎಸ್ತೊಯ್’ ಅಂದಿದ್ದರೆ ಸರಿಹೋಗುತ್ತಿತ್ತು. ಅಕ್ಷರದ ಮೇಲಿನ ಗೆರೆಗಳನ್ನೂ ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಕೊನೆಯ ಅಕ್ಷರವನ್ನು ಒತ್ತಿ ಹೇಳಿದರೆ ‘ಪಪಾ’, ಅಂದರೆ ಅಪ್ಪ. ಒತ್ತು ಮೊದಲಕ್ಕೆ ಬಿದ್ದರೆ ‘ಪಾಪ’, ಅಂದರೆ ಆಲೂಗಡ್ಡೆ. ಬರೆಯುವಾಗ ಇವೆರಡನ್ನೂ ಬೇರೆ ಮಾಡುವುದು ಆ ಒಂದು ಗೆರೆ ಮಾತ್ರ.

ಸರಿ, ಅಂಕದ ವಿಷಯ. ಪೋಷಕರು ಮೊದಲು ಕೇಳುವುದು ಅದನ್ನೇ, ನಾನು ಕೊನೆಗೆ ಇಟ್ಟುಕೊಂಡಿದ್ದೇನೆ. ಸಣ್ಣ ಕ್ವಿಜ್‌ಗಳು ಇರುತ್ತವೆ, ಹೋಂವರ್ಕ್ ಇರುತ್ತದೆ, ಕೇಳಿ ಬರೆಯುವುದು, ಎದುರು ಕೂತು ಮಾತಾಡುವ ಪರೀಕ್ಷೆ, ಎಲ್ಲ ಇರುತ್ತದೆ. ನನ್ನ ಕ್ಲಾಸಿನಲ್ಲಿ ಬಾಯಿ ಬಿಟ್ಟವರಿಗೂ ಅಂಕ ಉಂಟು, ಸರಿಯಾಗಿ ಹೇಳಿದವರಿಗೆ ಮಾತ್ರ ಅಲ್ಲ. ನೂರಕ್ಕೆ ನೂರು ತೆಗೆದು ಅಭ್ಯಾಸವಾದ ಮಕ್ಕಳಿಗೆ ಇದೇ ಕಷ್ಟ. ಅವರು ಪೂರ್ತಿ ವಾಕ್ಯ ತಲೆಯಲ್ಲಿ ತಯಾರಾಗುವ ತನಕ ತುಟಿ ಬಿಚ್ಚುವುದಿಲ್ಲ. ಪಕ್ಕದ ಸೀಟಿನ ವಾಚಾಳಿ ಅಷ್ಟರಲ್ಲಿ ಆರು ತಪ್ಪು ಮಾಡಿ, ಆರನ್ನೂ ತಿದ್ದಿಸಿಕೊಂಡು ಮುಂದೆ ಹೋಗಿರುತ್ತಾನೆ.

ಅನುವಾದ ಮಾಡುವ ಆ್ಯಪ್ ಬಗ್ಗೆ ಒಂದು ಮಾತು. ಒಂದು ಪದದ ಅರ್ಥ ಹುಡುಕಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಇಡೀ ಪ್ಯಾರಾ ಹಾಕಿ ತೆಗೆದರೆ ಅದು ಕಾಪಿ ಹೊಡೆದ ಹಾಗೆ. ನಮಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ನಿನ್ನೆ ‘ನನ್ನ ಹತ್ತಿರ ಪೆನ್ ಇದೆ’ ಅನ್ನಲು ತಡವರಿಸಿದ ಹುಡುಗ ಇವತ್ತು ‘ನಾನು ಅಲ್ಲಿಗೆ ಹೋಗಿದ್ದಿದ್ದರೆ’ ಅಂತ ಬರೆದುಕೊಂಡು ಬರುತ್ತಾನೆ. ಅದು ಮೂರನೇ, ನಾಲ್ಕನೇ ವರ್ಷದ ಪಾಠ ಕಣಪ್ಪ! ಅದರ ಬದಲು ನಾಲ್ಕು ತಪ್ಪಿರುವ ನಿನ್ನ ಸ್ವಂತ ಮೂರು ಸಾಲು ಕೊಡು, ನನಗೆ ಅದು ಸಾವಿರ ಪಾಲು ವಾಸಿ.

ಒಂದು ವರ್ಷದಲ್ಲಿ ಎಷ್ಟು ಬರುತ್ತದೆ? ಲೆಕ್ಕ ಹಾಕೋಣ. ದಿನಕ್ಕೆ 50 ನಿಮಿಷ, ವರ್ಷಕ್ಕೆ 180 ದಿನ, ಒಟ್ಟು 150 ಗಂಟೆ. ಅದರಲ್ಲಿ ಪರೀಕ್ಷೆ, ಫೈರ್ ಡ್ರಿಲ್ ಎಲ್ಲ ಕಳೆಯಿರಿ. ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಸ್ಪ್ಯಾನಿಷ್ ಕಲಿಸಲು ಇಟ್ಟುಕೊಂಡಿರುವ ಲೆಕ್ಕ 600 ಗಂಟೆಗೂ ಹೆಚ್ಚು, ಅದೂ ಬೆಳಗಿನಿಂದ ಸಂಜೆವರೆಗೆ ಅದೇ ಕೆಲಸ ಮಾಡುವ ದೊಡ್ಡವರಿಗೆ. ಹಾಗಾಗಿ ಮೊದಲ ವರ್ಷದ ಕೊನೆಗೆ ನಿಮ್ಮ ಮಗು ತನ್ನ ಬಗ್ಗೆ, ಮನೆಯವರ ಬಗ್ಗೆ, ಇಷ್ಟ ಕಷ್ಟ, ಗಂಟೆ, ಹವಾಮಾನ, ಇಷ್ಟನ್ನು ಸರಳ ವಾಕ್ಯಗಳಲ್ಲಿ ಹೇಳಿದರೆ ಅದು ಒಳ್ಳೆಯ ಫಸಲು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಲ್ಲದ ಒಂದು ಭಾಷೆಯನ್ನು 2 ವರ್ಷ ಓದಿರಬೇಕು, 3 ಆದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ. ಎರಡು ವರ್ಷ ಮುಗಿದ ಕೂಡಲೇ ಕೈ ತೊಳೆದುಕೊಳ್ಳುವ ಮಕ್ಕಳು ಬಹಳ. ಭಾಷೆ ಮಾತಿಗೆ ಬರಲು ಶುರುವಾಗುವುದು ಆಗಲೇ, ನನಗೆ ಹೊಟ್ಟೆ ಉರಿಯುತ್ತದೆ.

ನಾನು ಹೇಳಿದೆನಲ್ಲ, ನಾಯಿ ಇಷ್ಟ ಅಂದ ಹುಡುಗಿ, ಅವಳ ತಾಯಿ ಪೋಷಕರ ಸಭೆಗೆ ಬಂದಿದ್ದರು. ‘ಮೇಡಂ, ಮೂರು ಭಾಷೆ ಕಲಬೆರಕೆ ಆಗುತ್ತೆ ಅಂತ ಮನೇಲಿ ಸ್ವಲ್ಪ ದಿನ ಕನ್ನಡ ನಿಲ್ಲಿಸೋಣ ಅಂತಿದ್ದೇವೆ’ ಅಂದರು. ಬೇಡವೇ ಬೇಡ ಅಂದೆ. ರಾತ್ರಿ ಹತ್ತು ನಿಮಿಷ ಅವಳ ಹತ್ತಿರ ನೀವು ಸ್ಪ್ಯಾನಿಷ್ ಕಲಿಯಿರಿ, ಅವಳು ಕನ್ನಡದಲ್ಲಿ ಹೇಳಿಕೊಡಲಿ ಅಂತ ಹೇಳಿ ಕಳಿಸಿದೆ. ಎರಡು ವಾರದ ನಂತರ ಹುಡುಗಿ ದೂರು ತಂದಳು. ‘ಸೆನ್ಯೊರಾ, ನಾಯಿಗೆ ಪೆರ್ರೊ ಅಂತ ನಾಲಿಗೆ ನಡುಗಿಸಿ ಹೇಳಬೇಕಲ್ವಾ, ನಂಗೆ ಇನ್ನೂ ಬರ್ತಿಲ್ಲ, ಪೆರೊ ಅಂತಲೇ ಬರುತ್ತೆ, ಅದರ ಅರ್ಥ ‘ಆದರೆ’ ಅಂತ. ಅಮ್ಮನಿಗೆ ಮೊದಲ ದಿನವೇ ಬಂತು. ಈಗ ಮನೆಯಲ್ಲಿ ದಿನಾ ನನ್ನನ್ನೇ ತಿದ್ದುತ್ತಾಳೆ.’