ಕೊಯ್ಲಿಗೂ ಮಳೆಗೂ ನಡುವೆ: ಕೊಡಗಿನ ಬೇಸಿಗೆಯ ಹಬ್ಬಗಳು

ಕೇಳುಗರಿಗೆ ನಮಸ್ಕಾರ.

ಕೊಡಗಿನ ಹಬ್ಬಗಳು ಎಂದೊಡನೆ ಹೊರಜಿಲ್ಲೆಯವರಿಗೆ ನೆನಪಾಗುವುದು ಅಕ್ಟೋಬರ್ ತಿಂಗಳ ತಲಕಾವೇರಿ ತೀರ್ಥೋದ್ಭವ, ಮಡಿಕೇರಿ ದಸರಾದ ದಶಮಂಟಪಗಳು, ಸೆಪ್ಟೆಂಬರಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್, ಹೊಸ ಭತ್ತದ ಕದಿರನ್ನು ಮನೆ ತುಂಬಿಸುವ ಪುತ್ತರಿ. ಇವೆಲ್ಲ ಮಳೆಯ ಅಬ್ಬರ ಇಳಿದ ಮೇಲಿನ ಹಬ್ಬಗಳು. ಬೇಸಿಗೆಯ ಕೊಡಗಾದರೋ ಬಹುಮಂದಿಗೆ ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ ಕಳೆದು, ಅಬ್ಬಿ ಜಲಪಾತದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹಿಂದಿರುಗುವ ತಂಪು ಊರು, ಅಷ್ಟೇ. ಆದರೆ ಈ ಜಿಲ್ಲೆಯ ಜನ ಅತಿ ಹೆಚ್ಚು ಸಂಖ್ಯೆಯಲ್ಲಿ ಒಂದೆಡೆ ಸೇರುವುದು, ಕುಣಿಯುವುದು, ಆಡುವುದು, ಬೈಯುವುದು ಕೂಡ, ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗಿನ ಬೇಸಿಗೆಯಲ್ಲಿಯೇ ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಇದಕ್ಕೆ ಕಾರಣ ತೋಟದ ಪಂಚಾಂಗ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಲ್ಲಿ ಆರಂಭವಾಗುತ್ತದೆ. ರೋಬಸ್ಟಾ ಮುಗಿಯುವಾಗ ಫೆಬ್ರವರಿ ದಾಟಿರುತ್ತದೆ. ಹಣ್ಣು ಕಣದಲ್ಲಿ ಒಣಗಿ ಮೂಟೆ ಸೇರುವ ಹೊತ್ತಿಗೆ ಕರಿಮೆಣಸು ಕುಯ್ಯಲು ಏಣಿ ಹೊರಡುತ್ತದೆ. ಆಮೇಲೆ ಬರಬೇಕಾದದ್ದು ಹೂಮಳೆ. ಒಂದು ಇಂಚಿನಷ್ಟು ಮಳೆ ಬಿದ್ದು ಎಂಟು ಹತ್ತು ದಿನಗಳಾದರೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಬಾರದಿದ್ದರೆ ಅನುಕೂಲವುಳ್ಳವರು ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ಅಲ್ಲಿಂದ ಮುಂದೆ ಜೂನ್‌ನಲ್ಲಿ ಮುಂಗಾರು ಹಿಡಿದು ಭತ್ತದ ಸಸಿಮಡಿಯ ಕೆಲಸಕ್ಕೆ ಗದ್ದೆಗೆ ಇಳಿಯುವವರೆಗೆ, ಕೈಯಲ್ಲಿ ಒಂದಿಷ್ಟು ದುಡ್ಡೂ ಒಂದಿಷ್ಟು ಬಿಡುವೂ ಇರುವ ಕಾಲ ಇದೊಂದೇ. ಶಾಲೆಗಳಿಗೆ ರಜೆ. ಬೆಂಗಳೂರು, ಮೈಸೂರುಗಳಲ್ಲಿ ನೌಕರಿಯಲ್ಲಿರುವವರು, ಸೈನ್ಯದಲ್ಲಿರುವವರು ರಜೆ ಹಾಕಿ ಊರಿಗೆ ಬರುವುದೂ ಈಗಲೇ.

ಊರ ದೇವಸ್ಥಾನಗಳ ವಾರ್ಷಿಕ ಹಬ್ಬಗಳು ಈ ಬಿಡುವಿನ ಆರಂಭದಲ್ಲಿಯೇ ಶುರುವಾಗುತ್ತವೆ. ಹಬ್ಬಕ್ಕೆ ಮುಂಚೆ ಕಟ್ಟು ಬೀಳುತ್ತದೆ. ಕಟ್ಟು ಬಿತ್ತೆಂದರೆ ಆ ಊರಿನ ಎಲ್ಲೆಯೊಳಗೆ ಪ್ರಾಣಿವಧೆ ಇಲ್ಲ, ಮದುವೆ ಮುಂತಾದ ಶುಭಕಾರ್ಯಗಳಿಲ್ಲ, ಹಸಿಮರಕ್ಕೆ ಕೊಡಲಿ ಹಾಕುವಂತಿಲ್ಲ. ಹಂದಿ ಮಾಂಸವಿಲ್ಲದೆ ಔತಣವನ್ನೇ ಊಹಿಸಲಾರದ ನಾಡು ದೇವರ ಹೆಸರಿನಲ್ಲಿ ಇಷ್ಟು ದಿನ ಸೊಪ್ಪು ತರಕಾರಿಯಲ್ಲಿ ಕಳೆಯುತ್ತದೆಂಬುದು ಹೊರಗಿನವರಿಗೆ ನಂಬಲು ಕಷ್ಟ. ಕಕ್ಕಬ್ಬೆ ಸಮೀಪದ ಪಾಡಿ ಇಗ್ಗುತ್ತಪ್ಪ ದೇವರ ಕಲಾಡ್ಚ ಹಬ್ಬ ಮಾರ್ಚ್ ತಿಂಗಳ ಆಸುಪಾಸಿನಲ್ಲಿ ನಡೆಯುತ್ತದೆ. ಇಗ್ಗುತ್ತಪ್ಪ ಮಳೆ ಬೆಳೆಯ ದೇವರು. ಇದೇ ದಿನಗಳಲ್ಲಿ ದಕ್ಷಿಣ ಕೊಡಗಿನ ಅನೇಕ ಊರುಗಳಲ್ಲಿ ರಾತ್ರಿಯಿಡೀ ತೆರೆ ಕಟ್ಟುತ್ತಾರೆ. ಉತ್ತರ ಕೇರಳದ ತೆಯ್ಯಂಗೆ ಹತ್ತಿರದ ಈ ಆರಾಧನೆಯಲ್ಲಿ ಕುಟ್ಟಿಚಾತ, ಚಾಮುಂಡಿ, ವಿಷ್ಣುಮೂರ್ತಿ ಮೊದಲಾದ ದೈವಗಳು ತೆಂಗಿನ ಗರಿಯ ಉಡುಗೆಯಲ್ಲಿ, ಮುಖದ ಮೇಲೆ ಬರೆದ ಕೆಂಪು ಕಪ್ಪು ಗೆರೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಮನೆತನದ ಮೂಲಮನೆಗಳಾದ ಐನ್‌ಮನೆಗಳಲ್ಲಿ ಕೆಲವೆಡೆ ಕುಲದ ಮೂಲಪುರುಷನಾದ ಕಾರಣನಿಗೂ ತೆರೆ ಕಟ್ಟುವುದುಂಟು. ಆಗ ತೀರಿಹೋದ ಅಜ್ಜ ಮುಂದೆ ನಿಂತು ಮೊಮ್ಮಕ್ಕಳನ್ನು ವಿಚಾರಿಸಿಕೊಳ್ಳುತ್ತಾನೆ. ಆಸ್ತಿ ವ್ಯಾಜ್ಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ಆ ರಾತ್ರಿ ಒಂದೇ ಚಾಪೆಯಲ್ಲಿ ಕುಳಿತಿರುವುದನ್ನು ನೋಡಬಹುದು. ಏಪ್ರಿಲ್ ನಡುವಿನಲ್ಲಿ ಎಡಮ್ಯಾರ್ ಒಂದು, ಅಂದರೆ ಸೌರಮಾನದ ಹೊಸ ವರ್ಷ. ಅಂದು ಗದ್ದೆಯಲ್ಲಿ ನೇಗಿಲು ಹೂಡಿ ಮೊದಲ ಸಾಲು ಹೊಡೆಯುವ ಶಾಸ್ತ್ರ. ಎತ್ತಿಲ್ಲದ ಮನೆಗಳಲ್ಲಿ ಟಿಲ್ಲರ್‌ಗೆ ಕುಂಕುಮ ಹಚ್ಚುವುದೂ ಉಂಟು.

ಈಗ ಹಾಕಿಗೆ ಬರುತ್ತೇನೆ. 1972ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಎಂ.ಪಿ. ಗಣೇಶ್, 1980ರ ಮಾಸ್ಕೊ ಚಿನ್ನದ ತಂಡದಲ್ಲಿದ್ದು ಮುಂದೆ 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ನಾಯಕರಾಗಿ ಹೋದ ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಹೀಗೆ ಭಾರತ ತಂಡಕ್ಕೆ ಆಟಗಾರರನ್ನು ಕೊಡುತ್ತಲೇ ಬಂದ ಜಿಲ್ಲೆ ಇದು. ಆದರೆ ಹಾಕಿ ಇಲ್ಲಿ ಹಬ್ಬವಾದದ್ದು 1997ರಲ್ಲಿ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಪಾಂಡಂಡ ಕುಟ್ಟಪ್ಪ ಅವರು ವಿರಾಜಪೇಟೆ ಕಡೆಯ ಕರಡ ಗ್ರಾಮದಲ್ಲಿ ಕೊಡವ ಒಕ್ಕಗಳ, ಅಂದರೆ ಮನೆತನಗಳ, ನಡುವೆ ಒಂದು ಪಂದ್ಯಾವಳಿ ಏರ್ಪಡಿಸಿದರು. 60 ಒಕ್ಕಗಳು ಬಂದವು. ಅಂದಿನಿಂದ ಪ್ರತಿವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಒಕ್ಕದ್ದೇ ಹೆಸರು. 2018ರ ಆಗಸ್ಟ್‌ನ ಭೂಕುಸಿತ, ಅದರ ಬೆನ್ನಿಗೇ ಬಂದ ಕೊರೊನಾ, ಇವೆರಡರಿಂದ ನಿಂತುಹೋಗಿದ್ದ ಹಬ್ಬವನ್ನು 2023ರಲ್ಲಿ ನಾಪೋಕ್ಲುವಿನ ಚೆರಿಯಪರಂಬು ಮೈದಾನದಲ್ಲಿ ಅಪ್ಪಚೆಟ್ಟೋಳಂಡ ಒಕ್ಕದವರು ಮತ್ತೆ ಎಬ್ಬಿಸಿದರು. ಮರುವರ್ಷದ ಕುಂಡ್ಯೋಳಂಡ ಕಪ್‌ನಲ್ಲಿ ಆಡಿದ ತಂಡಗಳು 360. ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿಯೆಂದು ಗಿನ್ನೆಸ್ ದಾಖಲೆಗೆ ಸೇರಿದ್ದು ಆಗಲೇ. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್ ಇಪ್ಪತ್ತೈದನೆಯದು.

ಈ ಅಂಕಿಗಳನ್ನು ಪತ್ರಿಕೆಗಳು ಪ್ರತಿ ಏಪ್ರಿಲ್‌ನಲ್ಲಿ ಬರೆಯುತ್ತವೆ. ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಮೈದಾನದ ಬದಿಯಲ್ಲಿ ನಡೆಯುವ ಸಂಗತಿಗಳು. ಒಂದು ತಂಡದ ಹನ್ನೊಂದು ಜನಕ್ಕೂ ಒಂದೇ ಮನೆತನದ ಹೆಸರಾದ್ದರಿಂದ, ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ವೀಕ್ಷಕ ವಿವರಣೆ ಕೊಡುವವರು ಬೋಪಣ್ಣ, ಪೊನ್ನಪ್ಪ ಎಂದು ಕರೆಯುವ ಹೆಸರುಗಳನ್ನೇ ಹಿಡಿದು ಓಡಬೇಕು. ಒಂದೇ ತಂಡದಲ್ಲಿ ಇಬ್ಬರು ಪೊನ್ನಪ್ಪಂದಿರಿದ್ದರೆ ಒಬ್ಬರ ತಂದೆಯ ಹೆಸರೋ ಇನ್ನೊಬ್ಬರ ಜೆರ್ಸಿಯ ನಂಬರೋ ನೆರವಿಗೆ ಬರಬೇಕು. ಗಂಡಸರು, ಹೆಂಗಸರು ಒಂದೇ ತಂಡದಲ್ಲಿ ಆಡುತ್ತಾರೆ. ಅರವತ್ತು ದಾಟಿದ ನಿವೃತ್ತ ಸುಬೇದಾರರು ಮೊಮ್ಮಗನಿಗೆ ಪಾಸ್ ಕೊಟ್ಟು, ಅವನು ಅದನ್ನು ಬಿಟ್ಟುಬಿಟ್ಟರೆ ಎಲ್ಲರೆದುರೇ ಗದರುತ್ತಾರೆ. ಅಂತರರಾಷ್ಟ್ರೀಯ ಪಂದ್ಯ ಆಡಿ ಬಂದವರು ಒಂದು ಕಡೆ. ಕಳೆದ ವರ್ಷ ಇದೇ ದಿನ ಸ್ಟಿಕ್ ಮುಟ್ಟಿ, ಆಮೇಲೆ ಅಟ್ಟಕ್ಕೆ ಹಾಕಿದ್ದವರು ಇನ್ನೊಂದು ಕಡೆ. ಮೊದಲ ಸುತ್ತುಗಳಲ್ಲಿ ಗೋಲುಗಳ ಅಂತರ ದೊಡ್ಡದಾಗುವುದು ಸಹಜವೇ. ಆದರೂ ಸೋತ ಒಕ್ಕದವರು ಆ ಸಂಜೆ ಬೇಗ ಮನೆಗೆ ಹೋಗುತ್ತಾರೆಂದು ತಿಳಿಯಬೇಡಿ.

ಒಂದೇ ಒಕ್ಕದೊಳಗೆ ಮದುವೆಯಾಗುವ ಪದ್ಧತಿ ಕೊಡವರಲ್ಲಿಲ್ಲ. ಜಿಲ್ಲೆಯ ಮೂಲೆಮೂಲೆಯಿಂದ ಬೇರೆ ಬೇರೆ ಒಕ್ಕಗಳ ವಯಸ್ಸಿಗೆ ಬಂದ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಒಂದೇ ಮೈದಾನದ ಸುತ್ತ ಓಡಾಡಿಕೊಂಡಿರುವ ಏರ್ಪಾಡಿನಿಂದ ಎಷ್ಟು ಸಂಬಂಧಗಳು ಕುದುರಿವೆಯೋ ಲೆಕ್ಕವಿಟ್ಟವರಿಲ್ಲ. ಬಂಧುತ್ವ ಬೆಳೆಯಲಿ ಎಂಬ ಆಶಯ ಮೊದಲ ವರ್ಷದಿಂದಲೇ ಇತ್ತು. ಮೈದಾನದ ಮೆಟ್ಟಿಲ ಮೇಲೆ ಕುಳಿತ ತಾಯಂದಿರು ಗೋಲಿಗಿಂತ ಬೇರೆಯದನ್ನೇ ಗಮನಿಸುತ್ತಿರುವಂತೆ ನನಗೆ ತೋರಿದೆ. ಇನ್ನೊಂದು ಪರಿಣಾಮವೂ ಆಯಿತು. ಇದನ್ನು ಕಂಡು ಅರೆಭಾಷೆ ಗೌಡ ಕುಟುಂಬಗಳು ಬೇಸಿಗೆಯ ಕ್ರಿಕೆಟ್ ಪಂದ್ಯಾವಳಿ ಆರಂಭಿಸಿದವು. ಇತರ ಸಮುದಾಯಗಳೂ ತಮ್ಮ ತಮ್ಮ ಕುಟುಂಬ ಪಂದ್ಯಾವಳಿಗಳನ್ನು ಕಟ್ಟಿಕೊಂಡವು. ಏಪ್ರಿಲ್, ಮೇ ತಿಂಗಳಲ್ಲಿ ಜಿಲ್ಲೆಯ ಯಾವ ಮೈದಾನವೂ ಖಾಲಿ ಸಿಗದೆಂಬುದು ಸಂತೋಷದ ವಿಷಯವೇ. ಆದರೆ ಪ್ರತಿಯೊಂದು ಸಮುದಾಯವೂ ತನ್ನದೇ ಮೈದಾನದಲ್ಲಿ ತನ್ನವರೊಂದಿಗೇ ಆಡಿಕೊಂಡಿರುವುದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಈ ಎಲ್ಲ ಪಂದ್ಯಾವಳಿಗಳ ವಿಜೇತರು ಕೊನೆಗೊಂದು ದಿನ ಪರಸ್ಪರ ಆಡುವಂತಾದರೆ ನೋಡಲು ನಾನಂತೂ ಮೊದಲ ಸಾಲಿನಲ್ಲಿ ಜಾಗ ಹಿಡಿಯುತ್ತೇನೆ.

ಇನ್ನು ಬೋಡ್ ನಮ್ಮೆ, ಅಂದರೆ ಬೇಡು ಹಬ್ಬ. ಅಕ್ಟೋಬರ್ ತಿಂಗಳಲ್ಲಿ ಗೋಣಿಕೊಪ್ಪ ಸಮೀಪದ ಕುಂದದ ಬೆಟ್ಟದಲ್ಲಿ ಆರಂಭವಾಗುವ ಈ ಹಬ್ಬಗಳ ಸರಣಿ ಒಂದೊಂದೇ ಊರನ್ನು ಮುಟ್ಟುತ್ತ ಜೂನ್‌ನಲ್ಲಿ ಪಾರಾಣದಲ್ಲಿ ಮುಗಿಯುತ್ತದೆ. ಗಂಡಸರು ಹೆಣ್ಣುವೇಷ, ಮುದುಕರ ವೇಷ, ಹುಲಿವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಕಾಣಿಕೆ ಬೇಡುವುದು ಇದರ ಮುಖ್ಯ ಅಂಗ; ಚೆಂಬೆಬೆಳ್ಳೂರಿನಂಥ ಕಡೆ ಕೆಸರಿನ ಓಕುಳಿಯೂ ಇದೆ. ಆದರೆ ಬೇಡುವ ಈ ಸಂಪ್ರದಾಯ ತನ್ನ ಪೂರ್ಣ ಬಲದಲ್ಲಿ ಕಾಣಿಸುವುದು ಮೇ ತಿಂಗಳ ಕೊನೆಯ ಭಾಗದ ಒಂದು ಗುರುವಾರ, ಪೊನ್ನಂಪೇಟೆ ತಾಲ್ಲೂಕಿನ ದೇವರಪುರದಲ್ಲಿ. ಅದು ಕುಂಡೆ ಹಬ್ಬ.

ಇದನ್ನು ಆಚರಿಸುವವರು ಜೇನುಕುರುಬರು, ಬೆಟ್ಟಕುರುಬರು, ಯರವರು; ಕಾಫಿ ತೋಟಗಳ ಲೈನ್‌ಮನೆಗಳಲ್ಲಿ, ಹಾಡಿಗಳೆಂಬ ಕಾಡಂಚಿನ ಆದಿವಾಸಿ ಕೇರಿಗಳಲ್ಲಿ ಬದುಕುವವರು. ಅಂದು ಸುತ್ತಮುತ್ತಲ ತೋಟಗಳಲ್ಲಿ ಕೆಲಸ ನಡೆಯುವುದಿಲ್ಲ, ಯಾವ ಸಾಹುಕಾರನೂ ಕೇಳುವುದಿಲ್ಲ. ಹರಿದ ಸೀರೆ, ಯಾರೋ ಕೊಟ್ಟ ಹಳೆಯ ನೈಟಿ, ಮುಖಕ್ಕೆ ಮಸಿ, ತಲೆಗೆ ಸೊಪ್ಪು. ಕೈಯಲ್ಲಿ ಒಣಗಿದ ಸೋರೆ ಬುರುಡೆ, ಅದಿಲ್ಲದಿದ್ದರೆ ಪ್ಲಾಸ್ಟಿಕ್ ಕೊಡ, ಎಣ್ಣೆ ಡಬ್ಬ. ಗೋಣಿಕೊಪ್ಪ, ತಿತಿಮತಿ ರಸ್ತೆಗಳಲ್ಲಿ ಬಸ್ಸು ಕಾರುಗಳನ್ನು ಅಡ್ಡಗಟ್ಟಿ, ಅಂಗಡಿಗಳ ಮುಂದೆ ಕುಣಿದು, ಕಿವಿಗೆ ಕೈ ಮುಚ್ಚಿಕೊಳ್ಳಬೇಕಾದ ಬೈಗುಳಗಳನ್ನು ಹಾಡಾಗಿಸಿ ಕಾಸು ಕೇಳುತ್ತಾರೆ. ದೇವರಿಗೂ ಬೈಗುಳ ತಪ್ಪಿದ್ದಲ್ಲ. ಅವರು ಹೇಳುವ ಕಥೆಯ ಪ್ರಕಾರ, ಬೇಟೆಗೆಂದು ಇವರನ್ನು ಕಾಡಿಗೆ ಕರೆತಂದ ಅಯ್ಯಪ್ಪ ದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮನಸೋತು, ಇವರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೋಗಿಬಿಟ್ಟ. ನಂಬಿಸಿ ಕೈಬಿಟ್ಟವನಿಗೆ ವರ್ಷಕ್ಕೊಂದು ದಿನ ಮುಖಕ್ಕೇ ಬೈಯುವ ಹಕ್ಕು ಇವರದು. ಸಂಜೆಯ ಹೊತ್ತಿಗೆ ಎಲ್ಲ ಗುಂಪುಗಳೂ ದೇವರಪುರದ ಗುಡಿಯೆದುರು ಸೇರಿ, ಸಂಗ್ರಹವಾದುದರಲ್ಲಿ ಒಂದು ಪಾಲನ್ನು ತಪ್ಪುಕಾಣಿಕೆಯಾಗಿ ಹಾಕಿ, ಬೈದದ್ದಕ್ಕೆ ಕ್ಷಮೆ ಕೇಳುತ್ತಾರೆ. ಉಳಿದ ಪಾಲು ಎಲ್ಲಿಗೆ ಹೋಗುತ್ತದೆಂಬುದನ್ನು ಗೋಣಿಕೊಪ್ಪದ ಬಾರುಗಳವರು ಬಲ್ಲರು.

ಈ ಹಬ್ಬವನ್ನು ಟೀವಿಯವರು ವಿಚಿತ್ರ ಆಚರಣೆ ಎಂಬ ತಲೆಬರಹದಲ್ಲಿ ತೋರಿಸುವುದು ವಾಡಿಕೆ. ಅಸಭ್ಯವೆಂದು ನಿಲ್ಲಿಸಬೇಕೆನ್ನುವವರೂ ಇದ್ದಾರೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗುತ್ತ ಹೋದಂತೆ, ಅಲ್ಲಿನ ಎಷ್ಟೋ ಹಾಡಿಗಳ ಜನ ಕಾಡು ಬಿಟ್ಟು ತೋಟದ ಲೈನ್‌ಗಳಿಗೆ ಬಂದವರು. ಕಾಡಿಗೆ ಕರೆತಂದು ಕೈಬಿಟ್ಟ ದೇವರ ಕಥೆಯನ್ನು ಅವರು ಯಾರಿಗೆಲ್ಲ ಅನ್ವಯಿಸಿಕೊಂಡು ಹಾಡುತ್ತಾರೋ ಹೇಳಲಾಗದು. ವರ್ಷದ ಉಳಿದ ದಿನಗಳಲ್ಲಿ ತಲೆ ತಗ್ಗಿಸಿ ನಿಂತು ಬಟವಾಡೆ ಪಡೆಯುವವರು ಇಂದೊಂದು ದಿನ ಸಾಹುಕಾರನ ಕಾರಿನ ಬಾನೆಟ್ ಬಡಿದು ದುಡ್ಡು ಕೇಳುವುದನ್ನು ಸಭ್ಯತೆಯ ಅಳತೆಗೋಲಿನಿಂದ ಅಳೆಯುವುದು ನನಗೆ ಸರಿಕಾಣುವುದಿಲ್ಲ. ಅನೇಕ ಸಾಹುಕಾರರೂ ಹಾಗೆ ಅಳೆಯುವುದಿಲ್ಲ. ಬೆಳಿಗ್ಗೆಯೇ ನೋಟುಗಳನ್ನು ಎಣಿಸಿಟ್ಟುಕೊಂಡು ಗೇಟಿನಲ್ಲಿ ಕಾಯುತ್ತಾರೆ.

ಮೇ ಕೊನೆಯಲ್ಲಿ ಮೈಸೂರಿನಿಂದ ಹುಣಸೂರು, ತಿತಿಮತಿ ಮಾರ್ಗವಾಗಿ ಗೋಣಿಕೊಪ್ಪಕ್ಕೆ ಬರುವವರು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಆ ಗುರುವಾರವೇ ಬಂದಿರಾದರೆ ಹತ್ತು ಇಪ್ಪತ್ತು ರೂಪಾಯಿಯ ನೋಟುಗಳು ಕೈಗೆ ಸಿಗುವಲ್ಲಿರಲಿ, ಕಾರಿನ ಗಾಜು ಇಳಿಸಿರಲಿ. ಮೊಬೈಲು ಎತ್ತಿ ವಿಡಿಯೊ ಮಾಡುವ ಮುನ್ನ ಕಾಸು ಕೊಡಿ. ಬೈಗುಳ ಎರಡೂ ಸಂದರ್ಭದಲ್ಲಿ ಬೀಳುತ್ತದೆ. ಕೊಟ್ಟವರಿಗೆ ಸ್ವಲ್ಪ ಕಡಿಮೆ.

ನಮಸ್ಕಾರ.