ಹಾಜರಿಯಲ್ಲಿ ಪೆನ್ಸಿಲ್ ಹೆಸರು

ಕೇಳುಗರಿಗೆಲ್ಲ ನಮಸ್ಕಾರ. ಸಾಲಿ, ಅಂದರೆ ಶಾಲೆ, ಬದಲಿಸುತ್ತಲೇ ಇರುವ ಮಕ್ಕಳ ಬಗ್ಗೆ ಇವತ್ತು ನಾಲ್ಕು ಮಾತು.

ನಮ್ಮಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಗದಗದಿಂದ ಸೊಲ್ಲಾಪುರದ ಕಡೆ ಹೋಗುವ ಲೈನು. ಆಗ ಇನ್ನೂ ಮೀಟರ್ ಗೇಜ್. ಇಂಡಿ ರೋಡ್, ಆಲಮಟ್ಟಿ, ಬಾಗಲಕೋಟೆ, ಬಾದಾಮಿ, ಹೀಗೆ ಅಪ್ಪನ ಸ್ಟೇಷನ್ ಬದಲಾದಾಗೆಲ್ಲ ನನ್ನ ಸಾಲಿಯೂ ಬದಲು. ಏಳನೇ ಇಯತ್ತೆ ಮುಗಿಯುವಷ್ಟರಲ್ಲಿ ಐದು ಸಾಲಿ ಕಂಡಿದ್ದೆ.

ಒಂದು ಊರಲ್ಲಿ ಮಾಸ್ತರರು ಎಲ್ಲರ ಮುಂದೆ ನಿಲ್ಲಿಸಿ ‘ಯಾವೂರು ನಿಂದು?’ ಅಂದರು. ಯಾವ ಊರು ಹೇಳಲಿ? ಸುಮ್ನೆ ನಿಂತೆ. ಹುಡುಗರೆಲ್ಲ ನಕ್ಕರು. ಅವತ್ತಿನಿಂದ ನಾನು ‘ರೈಲ್ವೆದಾಕಿ’. ಹಾಜರಿ ಪುಸ್ತಕದಲ್ಲಿ ಕಟ್ಟಕಡೆಗೆ ನನ್ನ ಹೆಸರು, ಅದೂ ಪೆನ್ಸಿಲ್‌ನಲ್ಲಿ. ಇರ್ತಾಳೋ ಹೋಗ್ತಾಳೋ ಅಂತ ಇರಬೇಕು. ಮುಂದೆ ನಾನೇ ವಿಜಯಪುರದ ಹತ್ತಿರ ಶಿಕ್ಷಕಿಯಾದೆ. ಹೊಸದಾಗಿ ಬಂದ ಮಗುವಿನ ಹೆಸರನ್ನು ಮೊದಲ ದಿನವೇ, ಅದರ ಕಣ್ಣೆದುರೇ ಇಂಕಿನಲ್ಲಿ ಬರೆಯುತ್ತಿದ್ದೆ.

ನಮ್ಮ ಭಾಗದಲ್ಲಿ ಸಾಲಿ ಬದಲಿಸುವ ಮಕ್ಕಳಲ್ಲಿ ನೌಕರರ ಮಕ್ಕಳಿಗಿಂತ ಗುಳೆ ಹೋಗುವವರ ಮಕ್ಕಳೇ ಜಾಸ್ತಿ. ದೀಪಾವಳಿ ಹೊತ್ತಿಗೆ ಕಬ್ಬಿನ ಸೀಸನ್ ಶುರು. ತಾಂಡಾದ, ಅಂದರೆ ಲಂಬಾಣಿ ಕೇರಿಯ, ಮಂದಿ ಮುಧೋಳ, ಅಥಣಿ, ಸಾಂಗ್ಲಿ, ಕೊಲ್ಲಾಪುರದ ಕಡೆ ಹೊರಡುತ್ತಾರೆ. ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುವವರೂ ಇದ್ದಾರೆ. ಮರಳಿ ಬರುವುದು ಹೋಳಿಗೋ ಯುಗಾದಿಗೋ. ಇಲ್ಲಿ ಪರೀಕ್ಷೆ ಹತ್ತಿರ ಬಂದಿರುತ್ತದೆ.

ಹೆತ್ತವರ ಮೊದಲ ಹೆದರಿಕೆ ಟೀಸಿಯದು, ಅಂದರೆ ಹಳೇ ಸಾಲಿ ಕೊಡುವ ವರ್ಗಾವಣೆ ಪತ್ರದ್ದು. ಅದಿಲ್ಲದೆ ಸಾಲಿಗೆ ಸೇರಿಸಿಕೊಳ್ಳುವುದಿಲ್ಲ ಅಂತ ಮಗುವನ್ನು ಗುಡಿಸಲಲ್ಲೇ ಬಿಡುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಟೀಸಿ ತಡವಾಯಿತು ಅಂತ ಸರ್ಕಾರಿ ಸಾಲಿ ಪ್ರವೇಶ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಇಷ್ಟನ್ನು ಗಟ್ಟಿಯಾಗಿ ಹೇಳಿ, ತಪ್ಪಿಲ್ಲ.

ಸೇರಿಸಿಕೊಂಡ ಮೇಲೆ ಏನು? ನಿಜವಾದ ಕಷ್ಟ ಅಲ್ಲೇ ಇರುವುದು. ಹುಡುಗ ಬೆಂಚಿನ ತುದಿಗೆ ಕೂತಿರುತ್ತಾನೆ, ಊಟದ ಹೊತ್ತಿಗೆ ತಾಟು ಹಿಡಿದು ಗೋಡೆ ಕಡೆ ತಿರುಗಿರುತ್ತಾನೆ. ಮೂರು ವರ್ಷ ಸಾಂಗ್ಲಿ ಕಡೆ ಮರಾಠಿ ಸಾಲಿಯಲ್ಲಿದ್ದ ಒಬ್ಬ ಹುಡುಗ ನನ್ನ ನಾಲ್ಕನೇ ಇಯತ್ತೆಗೆ ಬಂದ. ಮನೆಯಲ್ಲಿ ಲಂಬಾಣಿ ಮಾತು, ಓದಿದ್ದು ಮರಾಠಿ, ಈಗ ಕನ್ನಡ. ಬರೆಸಿದರೆ ‘ಕೊಡು’ ಅನ್ನುವುದು ‘ಕೋಡು’ ಆಗುತ್ತಿತ್ತು, ‘ಕೆರೆ’ ಹೋಗಿ ‘ಕೇರೆ’. ಉಳಿದ ಮಕ್ಕಳಿಗೆ ನಗುವೋ ನಗು. ನನಗೂ ಮೊದಲು ದಡ್ಡತನ ಅಂತಲೇ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊಳೆಯಿತು. ಮರಾಠಿ ಬರಹದಲ್ಲಿ ಎ, ಏ ಅಂತ ಎರಡಿಲ್ಲ. ಒ, ಓ ಅಂತಲೂ ಎರಡಿಲ್ಲ. ಪಾಪ, ಹುಡುಗ ತನಗೆ ಕಲಿಸಿದ್ದನ್ನೇ ಬರೆಯುತ್ತಿದ್ದ. ಕ, ಖ, ಗ, ಘ ಸಾಲು ಎರಡರಲ್ಲೂ ಒಂದೇ, ಬದಲಾಗುವುದು ಅಕ್ಷರದ ಆಕಾರ. ನಮ್ಮ ‘ಳ’ ಕೂಡ ಮರಾಠಿಯಲ್ಲಿದೆ. ಬೋರ್ಡಿನ ಮೇಲೆ ಎರಡೂ ಅಕ್ಷರ ಜೋಡಿಸಿ ಬರೆದೆ. ಮರಾಠಿ ಸಾಲನ್ನು ಅವನ ಕೈಯಲ್ಲೇ ಬರೆಸಿದೆ. ಕೈ ನಡುಗುತ್ತಿತ್ತು, ಆದರೆ ಅಕ್ಷರ ಮುತ್ತಿನಂಥವು.

ಎರಡರ ಮಗ್ಗಿ ಹೇಳು ಅಂದೆ. ‘ಬೇ ಏಕೇ ಬೇ, ಬೇ ದುಣೇ ಚಾರ್’ ಅಂತ ರೈಲಿನ ಹಾಗೆ ಓಡಿಸಿದ. ಮರುದಿನ ಅರ್ಧ ವರ್ಗ ಅದನ್ನೇ ಹಾಡುತ್ತಿತ್ತು.

ನಮ್ಮ ಸಾಲಿ ಇದ್ದದ್ದು ಸೊಲ್ಲಾಪುರ ರಸ್ತೆಗೆ ಹತ್ತಿಕೊಂಡು. ಮಹಾರಾಷ್ಟ್ರದ ಬಸ್ಸು ಬಂದರೆ ಬೋರ್ಡ್ ಓದುವ ಕೆಲಸ ಅವನದಾಯಿತು. ನಾನು ಕೊಟ್ಟ ಕೆಲಸವಲ್ಲ ಅದು, ಹುಡುಗರೇ ಕೊಟ್ಟದ್ದು. ಬಸ್ಸಿನ ಸದ್ದಾದರೆ ಸಾಕು, ಅವನನ್ನು ಕಿಟಕಿಗೆ ಎಳೆದೊಯ್ಯುತ್ತಿದ್ದರು. ‘ಬರ್ರಿ, ಕೂಡ್ರಿ’ ಅಂತ ನಾವು ದೊಡ್ಡವರು ಎಷ್ಟು ಉಪಚಾರ ಮಾಡಿದರೂ ಇಷ್ಟು ಆಗುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಮಾತು. ಬಂದ ಮಗುವನ್ನು ಹೇಗೆ ಕರೆದುಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಹೋಗುವ ಮಗುವನ್ನು ಕಳಿಸುವುದು ಯಾರಿಗೂ ನೆನಪಾಗುವುದಿಲ್ಲ. ಒಂದು ಚೀಟಿ ಬರೆದು ಕೊಡಿ. ಗಣಿತ ಎಲ್ಲಿಗೆ ಬಂತು, ಯಾವ ಪಾಠ ಉಳಿಯಿತು, ಏನು ಚೆಂದ ಮಾಡುತ್ತಾನೆ, ಇಷ್ಟಿದ್ದರೆ ಸಾಕು. ಮುಂದಿನ ಶಿಕ್ಷಕರು ‘ಯಾವೂರು’ ಅಂತ ಕೇಳುವ ಮೊದಲು ಅದನ್ನು ಓದಲಿ.

ಆ ಹುಡುಗ ಮರುವರ್ಷ ದೀಪಾವಳಿ ಮುಗಿದ ಮೇಲೆ ಮತ್ತೆ ಹೋದ. ಚೀಟಿ ಕೊಟ್ಟೆ, ಅಂಗಿ ಕಿಸೆಯಲ್ಲಿ ಮಡಚಿಟ್ಟುಕೊಂಡ. ಮಾರನೇ ದಿನ ಬಸ್ಸು ಬಂದಾಗ ವರ್ಗ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕಿಟಕಿಗೆ ಹೋಗಿ, ಅಕ್ಷರ ಕೂಡಿಸಿ ಕೂಡಿಸಿ ಓದಿದಳು, ‘ಪಂ... ಢ... ರ... ಪೂರ’.

ನಮಸ್ಕಾರ.