ಇಸ್ಫಹಾನಿನ ಮಣ್ಣುಬಣ್ಣದ ಗುಂಬಜ್

ಕೇಳುಗರಿಗೆ ನಮಸ್ಕಾರ.

ಇರಾನಿನ ಇಸ್ಫಹಾನ್ ಎಂದೊಡನೆ ನೀಲಿ ಮೆರುಗಿನ ಹೆಂಚು ಹೊದ್ದ ಗುಂಬಜ್‌ಗಳು ನೆನಪಾಗುತ್ತವೆ. ಅವು ಸುಂದರವೇ. ಆದರೆ ನನ್ನ ಮನಸ್ಸು ನಿಂತಿರುವುದು ಅದೇ ಊರಿನ ಜಾಮೆ ಮಸೀದಿಯ ಉತ್ತರ ತುದಿಯಲ್ಲಿರುವ, ಬರಿಯ ಇಟ್ಟಿಗೆಯ ಒಂದು ಗುಂಬಜ್‌ನಲ್ಲಿ.

9ನೆಯ ಶತಮಾನದಲ್ಲಿ ಇಲ್ಲಿದ್ದದ್ದು ಸಾಲುಕಂಬಗಳ ಮಸೀದಿ. ಆಗ ಇರಾನನ್ನು ಆಳುತ್ತಿದ್ದ ಸೆಲ್ಜೂಕ್ ವಂಶದ ಸುಲ್ತಾನ ಮಲಿಕ್ ಶಾಹನ ವಜೀರ ನಿಜಾಮುಲ್ ಮುಲ್ಕ್ 1086ರ ಸುಮಾರಿಗೆ ದಕ್ಷಿಣದಲ್ಲಿ, ಮಿಹ್ರಾಬಿನ, ಅಂದರೆ ಮೆಕ್ಕಾದ ದಿಕ್ಕು ತೋರಿಸುವ ಗೋಡೆಗೂಡಿನ, ಮುಂದೆ, ದೊಡ್ಡ ಗುಂಬಜ್ ಕಟ್ಟಿಸಿದ. ಅವನಿಗೊಬ್ಬ ಎದುರಾಳಿಯಿದ್ದ, ತಾಜುಲ್ ಮುಲ್ಕ್. ಎರಡೇ ವರ್ಷಗಳಲ್ಲಿ ಅವನು ನೇರ ಎದುರಿಗೆ, ಉತ್ತರದಲ್ಲಿ, ತನ್ನದೊಂದನ್ನು ಎತ್ತಿಸಿದ. ಅಳತೆಯಲ್ಲಿ ಚಿಕ್ಕದು, ಅಗಲ ಸುಮಾರು 10 ಮೀಟರ್. ಕಟ್ಟುವ ಜಾಣ್ಮೆಯಲ್ಲಿ ಮಾತ್ರ ಗೆದ್ದದ್ದು ಇದೇ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಚೌಕ ಕೋಣೆಯ ಮೇಲೆ ದುಂಡನೆಯ ಗುಂಬಜ್ ಕೂರಿಸುವುದು ಹೇಗೆ? ನಾಲ್ಕು ಮೂಲೆಗಳಿಗೂ ಅಡ್ಡಲಾಗಿ ಕಮಾನು ಹಾಕಿದರೆ ಚೌಕಕ್ಕೆ ಎಂಟು ಮುಖ. ಅದರ ಮೇಲೆ ಪುಟ್ಟ ಕಮಾನುಗಳ ಸಾಲು ಬಂದರೆ ಹದಿನಾರು. ಹದಿನಾರರಿಂದ ವೃತ್ತಕ್ಕೆ ಉಳಿಯುವುದು ಒಂದೇ ಹೆಜ್ಜೆ. ಇಲ್ಲಿ ನೆಲದಿಂದ ಹೊರಟ ಗೋಡೆಯ ಗೆರೆಗಳು ಕಮಾನಿಗೆ, ಕಮಾನಿನಿಂದ ಇನ್ನೊಂದು ಕಮಾನಿಗೆ ಎಲ್ಲಿಯೂ ಕಡಿಯದೆ ಏರುತ್ತವೆ. ಕತ್ತೆತ್ತಿದರೆ ಗುಂಬಜ್‌ನ ಒಳಮೈಯಲ್ಲಿ ಇಟ್ಟಿಗೆಯಲ್ಲೇ ಮೂಡಿದ ಐದು ಮೂಲೆಯ ನಕ್ಷತ್ರ. ಎಂಟು, ಹದಿನಾರು ಎಂದು ಏರಿದ ಲೆಕ್ಕದ ನೆತ್ತಿಯ ಮೇಲೆ ಐದನ್ನು ಹೊಂದಿಸಿದವನು ಎಂತಹ ಗಣಿತ ಬಲ್ಲವನಿರಬೇಕು! ಶಾಸನದಲ್ಲಿರುವುದು ಮಾತ್ರ ಕಟ್ಟಿಸಿದ ತಾಜುಲ್ ಮುಲ್ಕ್‌ನ ಹೆಸರು. ಆ ಎದುರಾಳಿಗಳಿಬ್ಬರೂ 1092 ಮತ್ತು 1093ರಲ್ಲಿ ಒಬ್ಬರ ಹಿಂದೊಬ್ಬರು ಕೊಲೆಯಾದರು.

ಅಂಗಳದ ನಾಲ್ಕು ಬದಿಗೂ ಇವಾನ್‌ಗಳು, ಅಂದರೆ ಅಂಗಳಕ್ಕೆ ಬಾಯ್ತೆರೆದ ಎತ್ತರದ ಕಮಾನು ಪಡಸಾಲೆಗಳು, ಬಂದದ್ದು 12ನೆಯ ಶತಮಾನದಲ್ಲಿ. ಬೀದರಿನ ಮದರಸಾ ನೋಡಿದವರಿಗೆ ಈ ವಿನ್ಯಾಸ ಪರಿಚಿತ. ಅದನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನಿನವನು. ಇಸ್ಫಹಾನಿನ ಮಸೀದಿಗೆ 1310ರಲ್ಲಿ, ಇರಾನನ್ನಾಳಿದ ಮಂಗೋಲ್ ಮೂಲದ ಇಲ್ಖಾನಿ ವಂಶದ ದೊರೆ ಉಲ್ಜೈತುವಿನ ಹೆಸರಿನ ಮಿಹ್ರಾಬ್ ಸೇರಿತು. ಗಾರೆಯ ಮೇಲೆ ಬಳ್ಳಿ, ಎಲೆ, ಅಕ್ಷರಗಳನ್ನು ಪದರ ಪದರವಾಗಿ ಕೆತ್ತಿದ ಕೆಲಸ ಅದು. ನೀಲಿ ಹೆಂಚು ಈ ಅಂಗಳಕ್ಕೂ ಬಂತು, ಆದರೆ ಶತಮಾನಗಳ ನಂತರ.

1980ರ ದಶಕದ ಇರಾಕ್ ಯುದ್ಧದಲ್ಲಿ ಈ ಮಸೀದಿಯ ಮೇಲೂ ದಾಳಿಯಾಯಿತು. ಒಂದು ಭಾಗ ಕುಸಿಯಿತು. ಅದನ್ನು ಮತ್ತೆ ಕಟ್ಟಿದರು. 2012ರಲ್ಲಿ ಮಸೀದಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉತ್ತರದ ಗುಂಬಜ್ ಇಂದಿಗೂ ಅದೇ ಮಣ್ಣಿನ ಬಣ್ಣದಲ್ಲಿದೆ.